ಹಳೇ ಟ್ರ್ಯಾಕ್ಟರಿನ ಸ್ಟೇರಿಂಗ್ ಕಲ್ಲಾಗಿದೆ: ಬಾಕ್ಸ್ ಬಿಚ್ಚುವುದೋ, ಮೊದಲು ಬೇರೆಲ್ಲಾದರೂ ನೋಡುವುದೋ?

ವರದಾ ದಂಡೆ, ಬನವಾಸಿ

35 ಎಚ್‌ಪಿಯ ಹಳೇ ಟ್ರ್ಯಾಕ್ಟರು, 25 ವರ್ಷ ದಾಟಿದೆ. ಪವರ್ ಸ್ಟೇರಿಂಗ್ ಅಲ್ಲ. ಸ್ಟೇರಿಂಗ್ ಕಾಲಮಿನ (ಕಂಬದ) ಬುಡದ ಗೇರುಗಳ ಬಾಕ್ಸಿನಿಂದ ಒಂದೇ ಡ್ರಾಪ್ ಆರ್ಮ್ (ತೂಗುವ ತೋಳು), ಅದರಿಂದ ಡ್ರ್ಯಾಗ್ ಲಿಂಕ್ ಎಂಬ ಸರಳು ಎಡಗಡೆಯ ಸ್ಟಬ್ ಆಕ್ಸಲಿಗೆ (ಮುಂದಿನ ಚಕ್ರ ಕೂರುವ ತುಂಡು ಆಕ್ಸಲ್), ಅಲ್ಲಿಂದ ಎರಡೂ ಚಕ್ರ ಜೋಡಿಸುವ ಟೈರಾಡ್ ಬಲಗಡೆಗೆ. ಮುಂದಿನ ಟೈರು 6.00-16.

ನಾಟಿ ಗದ್ದೆಯ ಕೆಸರು ಹೂಟಿ ಮುಗಿದ ಮೇಲೆ ಒಂದೂವರೆ ತಿಂಗಳು ಗಾಡಿ ನಿಂತೇ ಇತ್ತು. ಈಗ ತೋಟಕ್ಕೆ ಗೊಬ್ಬರ ಸಾಗಿಸಲು ಹೊರಗೆ ತೆಗೆದರೆ ಸ್ಟೇರಿಂಗ್ ಕಲ್ಲು. ನಿಂತಲ್ಲಿ ತಿರುಗಿಸಬೇಕೆಂದರೆ ಎರಡೂ ಕೈ ಹಾಕಿ ಮೈಭಾರ ಬಿಡಬೇಕು. ಓಡುವಾಗ ಸ್ವಲ್ಪ ಹಗುರ. ಆದರೆ ತಿರುವು ಮುಗಿದ ಮೇಲೆ ಚಕ್ರ ತಾನಾಗಿ ನೇರಕ್ಕೆ ಬರುವುದಿಲ್ಲ, ಎಳೆದು ತರಬೇಕು. ಇಷ್ಟು ಬಿಗಿ ಇದ್ದರೂ ಸ್ಟೇರಿಂಗ್ ಚಕ್ರದ ಅಂಚಿನಲ್ಲಿ ನಾಲ್ಕು ಬೆರಳಿನಷ್ಟು ಪ್ಲೇ ಇದೆ. ಬಿಗಿಯೂ ಸಡಿಲವೂ ಒಟ್ಟಿಗೆ ಹೇಗೆ ಎನ್ನುವುದೇ ಅರ್ಥವಾಗುತ್ತಿಲ್ಲ.

ಇಲ್ಲಿಯವರೆಗೆ ಮಾಡಿದ್ದು: ಬಾಕ್ಸಿಗೆ ಮೇಲಿನಿಂದ ಸ್ವಲ್ಪ 90 ನಂಬರ್ ಎಣ್ಣೆ ಹಾಕಿ ನೋಡಿದ್ದು, ಮುಂದಿನ ನಿಪ್ಪಲ್‌ಗಳಿಗೆ ಗ್ರೀಸ್ ಹೊಡೆದದ್ದು. ಬಲಗಡೆ ಗ್ರೀಸ್ ಒಳಗೆ ಹೋಗುತ್ತದೆ. ಎಡಗಡೆ ಗನ್ನಿನ ಬಾಯಿಂದಲೇ ಸುತ್ತ ಹೊರಗೆ ಬರುತ್ತದೆ. ಬಾಕ್ಸಿನೊಳಗಿನ ವರ್ಮ್ (ಸುರುಳಿ ಗೇರು) ಹೋಗಿದೆ, ಪೂರ್ತಿ ಬಾಕ್ಸ್ ಬದಲಿಸಬೇಕು ಎಂದು ಒಬ್ಬರು ಮೆಕ್ಯಾನಿಕ್ ಹೇಳಿದ್ದಾರೆ. ಪಾರ್ಟ್ ಹುಬ್ಬಳ್ಳಿಯಿಂದ ತರಿಸಬೇಕು, ಖರ್ಚು ಸಣ್ಣದಲ್ಲ. ಅದಕ್ಕೆ ಮೊದಲು ಮನೆಯಲ್ಲೇ ಏನು ಪರೀಕ್ಷೆ ಮಾಡಬಹುದು, ತಿಳಿದವರು ದಯವಿಟ್ಟು ಹೇಳಿ.


ಎಣ್ಣೆ ಕೈ, ಶಿರಸಿ

ಬಾಕ್ಸ್ ಈಗಲೇ ತರಿಸಬೇಡಿ ಮಾರಾಯ್ರೆ. ನೀವು ಬರೆದದ್ದರಲ್ಲಿ ಎರಡು ಮಾತು ಬಾಕ್ಸಿನ ಕಡೆಗಲ್ಲ, ಎಡ ಚಕ್ರದ ಕಡೆಗೆ ಬೊಟ್ಟು ಮಾಡುತ್ತವೆ. ಎಡಗಡೆ ಗ್ರೀಸ್ ಒಳಗೆ ಹೋಗುತ್ತಿಲ್ಲ ಎನ್ನುವುದು ಒಂದು. ತಿರುವಿನ ನಂತರ ಚಕ್ರ ನೇರಕ್ಕೆ ಬರುತ್ತಿಲ್ಲ ಎನ್ನುವುದು ಇನ್ನೊಂದು. ಸ್ಟಬ್ ಆಕ್ಸಲ್ ತಿರುಗುವ ನಿಂತ ಪಿನ್ನು, ಅಂದರೆ ಕಿಂಗ್‌ಪಿನ್, ಅದರ ಸುತ್ತಲಿನ ಬುಶ್ಶಿನಲ್ಲಿ ಹಿಡಿದುಕೊಂಡಾಗ ಕಾಣುವ ಲಕ್ಷಣವೇ ಅದು.

ಬಿಗಿಯೂ ಪ್ಲೇಯೂ ಒಟ್ಟಿಗೆ ಇರುವುದು ವಿಚಿತ್ರವೇನಲ್ಲ. ಬಿಗಿ ಒಂದು ಜಾಗದ್ದು, ಪ್ಲೇ ಇನ್ನೊಂದು ಜಾಗದ್ದು. ಟೈರಾಡ್ ಎಂಡ್, ಡ್ರ್ಯಾಗ್ ಲಿಂಕಿನ ಬಾಲ್ ಸವೆದರೆ ಪ್ಲೇ. ಕಿಂಗ್‌ಪಿನ್ ಒಣಗಿದರೆ ಬಿಗಿ. ಹಳೇ ಗಾಡಿಯಲ್ಲಿ ಎರಡೂ ಸೇರಿಯೇ ಇರುತ್ತವೆ. ತಪ್ಪು ಆಗುವುದು ಎಲ್ಲಿ ಎಂದರೆ, ಪ್ಲೇ ತೆಗೆಯಬೇಕೆಂದು ಬಾಕ್ಸಿನ ಪಕ್ಕದ ಅಡ್ಜಸ್ಟಿಂಗ್ ಸ್ಕ್ರೂ ಬಿಗಿ ಮಾಡುತ್ತಾರೆ. ಬಾಲ್ ಜಾಯಿಂಟಿನ ಪ್ಲೇ ಅದರಿಂದ ಹೋಗುವುದಿಲ್ಲ, ಬಾಕ್ಸಿನ ಗೇರು ಒತ್ತಿಕೊಂಡು ಬಿಗಿ ಮಾತ್ರ ಹೆಚ್ಚುತ್ತದೆ. ನಿಮ್ಮದರಲ್ಲಿ ಆ ಸ್ಕ್ರೂ ಯಾರಾದರೂ ಮುಟ್ಟಿದ್ದಾರಾ ನೋಡಿ. ಲಾಕ್ ನಟ್ಟಿನ ಮೂಲೆ ಹೊಸದಾಗಿ ಸವೆದಿದ್ದರೆ, ಬಣ್ಣ ಎದ್ದಿದ್ದರೆ ಗೊತ್ತಾಗುತ್ತದೆ.

ಈಗ ಪರೀಕ್ಷೆ. ಹಿಂದಿನ ಚಕ್ರಗಳಿಗೆ ಎರಡೂ ಬದಿ ಕಲ್ಲು ಕೊಡಿ, ಹ್ಯಾಂಡ್ ಬ್ರೇಕ್ ಹಾಕಿ. ಮುಂದಿನ ಆಕ್ಸಲಿನ ನಡುವಿಗೆ ಜ್ಯಾಕ್. ಅಂಗಳದ ಮಣ್ಣು ಮೆತ್ತಗಿದ್ದರೆ ಜ್ಯಾಕಿನ ಕೆಳಗೆ ದಪ್ಪ ಹಲಗೆ ಬೇಕೇಬೇಕು. ಏರಿಸುವ ಮೊದಲು ಆಕ್ಸಲಿಗೂ ಮುಂದಿನ ಫ್ರೇಮಿಗೂ ನಡುವೆ ಎರಡೂ ಕಡೆ ಮರದ ಬೆಣೆ ಹೊಡೆಯಿರಿ. ಟ್ರ್ಯಾಕ್ಟರಿನ ಮುಂಭಾಗ ಸೆಂಟರ್ ಪಿನ್ನಿನ ಮೇಲೆ ತೊಟ್ಟಿಲಿನಂತೆ ತೂಗುತ್ತದೆ, ಬೆಣೆ ಇಲ್ಲದಿದ್ದರೆ ಏರಿಸಿದ ಮೇಲೆ ಒಂದು ಬದಿಗೆ ವಾಲುತ್ತದೆ. ಎರಡೂ ಚಕ್ರ ನೆಲ ಬಿಟ್ಟ ಮೇಲೆ ಆಕ್ಸಲಿನ ಕೆಳಗೆ ಗಟ್ಟಿ ಸ್ಟ್ಯಾಂಡ್ ಅಥವಾ ಅಡ್ಡಡ್ಡ ಜೋಡಿಸಿದ ಮರದ ದಿಮ್ಮಿ ಇಡಿ. ಜ್ಯಾಕ್ ಒಂದನ್ನೇ ನಂಬಿ ಕೆಳಗೆ ಕೈ ಹಾಕಬೇಡಿ.

ಮೊದಲು ಸ್ಟೇರಿಂಗ್ ಈ ತುದಿಯಿಂದ ಆ ತುದಿಗೆ ತಿರುಗಿಸಿ. ಗಾಳಿಯಲ್ಲಿ ಹಗುರ, ನೆಲದಲ್ಲಿ ಕಲ್ಲು ಎಂದಾದರೆ ಟೈರಿನ ಗಾಳಿ ಕಮ್ಮಿ ಇರಬೇಕು, ಇಲ್ಲವೇ ಕಿಂಗ್‌ಪಿನ್ನಿನ ಕೆಳಗೆ ಗಾಡಿಯ ಭಾರ ಹೊರುವ ಥ್ರಸ್ಟ್ ಬೇರಿಂಗ್ ಹೋಗಿರಬೇಕು. ಎಷ್ಟೋ ಜನ ಎಡವುವುದು ಇಲ್ಲೇ. ಚಕ್ರ ಎತ್ತಿದಾಗ ಸ್ಟಬ್ ಆಕ್ಸಲ್ ಕೆಳಗೆ ಜೋತು ಬೀಳುತ್ತದೆ, ಥ್ರಸ್ಟ್ ಬೇರಿಂಗಿನ ಮೇಲೆ ಭಾರವೇ ಇರುವುದಿಲ್ಲ. ತುಕ್ಕು ಹಿಡಿದು ಪುಡಿಯಾದ ಬೇರಿಂಗೂ ಆಗ ಹಗುರವಾಗಿ ತಿರುಗುತ್ತದೆ. ಹಗುರ ಬಂತು ಎಂದು ಅದನ್ನು ಬಿಟ್ಟುಬಿಡಬಾರದು.

ಗಾಳಿಯಲ್ಲೂ ಬಿಗಿ ಎಂದಾದರೆ ಡ್ರಾಪ್ ಆರ್ಮಿನ ತುದಿಯಿಂದ ಡ್ರ್ಯಾಗ್ ಲಿಂಕ್ ಬಿಚ್ಚಿ. ಸ್ಪ್ಲಿಟ್ ಪಿನ್ ತೆಗೆದು, ನಟ್ ಪೂರ್ತಿ ಬಿಚ್ಚದೆ ನಾಲ್ಕು ಸುತ್ತು ಸಡಿಲ ಮಾಡಿ. ಬಾಲ್ ಜಾಯಿಂಟಿನ ಪಿನ್ನು ಟೇಪರ್ (ತುದಿಗೆ ಸಪೂರ) ಇರುವುದರಿಂದ ಕೆಳಗಿನಿಂದ ಹೊಡೆದರೆ ಥ್ರೆಡ್ ಹಾಳಾಗುತ್ತದೆಯೇ ಹೊರತು ಪಿನ್ ಬರುವುದಿಲ್ಲ. ಆರ್ಮಿನ ಕಣ್ಣಿನ ಒಂದು ಪಕ್ಕಕ್ಕೆ ಭಾರದ ಸುತ್ತಿಗೆ ಆನಿಸಿ ಹಿಡಿದು, ಎದುರು ಪಕ್ಕಕ್ಕೆ ಇನ್ನೊಂದು ಸುತ್ತಿಗೆಯಿಂದ ಜೋರಾಗಿ ಎರಡು ಏಟು ಹಾಕಿ. ಟಕ್ ಎಂದು ಬಿಡುತ್ತದೆ.

ಈಗ ಬಾಕ್ಸ್ ಬೇರೆ, ಚಕ್ರ ಬೇರೆ. ಸ್ಟೇರಿಂಗ್ ಒಂದನ್ನೇ ತಿರುಗಿಸಿ. ತುದಿ ಬರುವಾಗ ನಿಧಾನ, ಚಕ್ರಗಳ ತಡೆ ಈಗ ಇಲ್ಲ, ಬೀಸಿ ತಿರುಗಿಸಿದರೆ ಬಾಲ್ ನಟ್ಟಿನ ಗೈಡಿಗೆ ಪೆಟ್ಟು ಬೀಳುತ್ತದೆ. ಇಲ್ಲಿ ಬಿಗಿ ಕಂಡರೆ ಬಾಕ್ಸ್ ಅಥವಾ ಕಾಲಮ್. ಡ್ಯಾಶ್ ಹತ್ತಿರ ಕಾಲಮ್ ಹಿಡಿದಿರುವ ಬ್ರ್ಯಾಕೆಟಿನ ಬೋಲ್ಟ್ ಸಡಿಲ ಮಾಡಿದ ಕೂಡಲೇ ಹಗುರವಾದರೆ ಕಾಲಮ್ ವಾರೆಯಾಗಿ ಕೂತಿದೆ ಎಂದು ಅರ್ಥ, ಬಾಕ್ಸ್ ಸರಿಯಿದೆ. ಆಮೇಲೆ ಕೆಳಗೆ ಕೂತು ಚಕ್ರ ಹಿಡಿದು ಎಡಕ್ಕೂ ಬಲಕ್ಕೂ ತೂಗಿ. ಅಲ್ಲಿ ಬಿಗಿ ಕಂಡರೆ ಟೈರಾಡನ್ನೂ ಒಂದು ತುದಿಯಲ್ಲಿ ಬಿಡಿಸಿ ಎರಡು ಚಕ್ರವನ್ನೂ ಬೇರೆ ಬೇರೆ ತೂಗಿ ನೋಡಿ. ಒಳ್ಳೆಯ ಕಿಂಗ್‌ಪಿನ್ ಇದ್ದರೆ ಚಕ್ರ ಒಂದು ಕೈಯಲ್ಲಿ ಸಲೀಸಾಗಿ ಬಾಗಿಲಿನಂತೆ ಸರಿಯುತ್ತದೆ.

ಇಷ್ಟಕ್ಕೆ ಅರ್ಧ ದಿನ ಸಾಕು, ಒಂದು ರೂಪಾಯಿ ಪಾರ್ಟ್ ಬೇಡ. ನೋಡಿ ಬರೆಯಿರಿ.


ಗಜನಿ ಗದ್ದೆ, ಕುಮಟಾ

ಮೇಲಿನವರು ಹೇಳಿದ್ದು ಸರಿ. ಎಡಗಡೆಯ ನಿಪ್ಪಲ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಘನಾಶಿನಿ ದಂಡೆಯ ಗಜನಿಯಲ್ಲಿ ಉಪ್ಪುನೀರು ಹತ್ತಿ ಇಳಿಯುವುದರಿಂದ ಈ ಕಾಯಿಲೆ ನಮ್ಮ ಕಡೆ ಹೆಚ್ಚು. ಘಟ್ಟದ ಮೇಲೆ ಸಿಹಿನೀರಿನ ಕೆಸರಾದರೂ ಕಾರಣ ಅದೇ.

ಗನ್ನಿನ ಬಾಯಿಂದ ಗ್ರೀಸ್ ಹೊರಬಂದರೆ ಮೊದಲು ನಿಪ್ಪಲ್ ಬಿಚ್ಚಿ ಗನ್ನಿಗೇ ಸಿಕ್ಕಿಸಿ ಒತ್ತಿ. ನಿಪ್ಪಲಿನಿಂದ ಗ್ರೀಸ್ ಸಲೀಸಾಗಿ ಬಂದರೆ ನಿಪ್ಪಲ್ ಒಳ್ಳೆಯದು, ತಡೆ ಒಳಗಿದೆ. ಬರದಿದ್ದರೆ ನಿಪ್ಪಲ್ ಎಸೆದು ಹೊಸದು ಹಾಕಿ, ಅದಕ್ಕೆ ಚೌಕಾಸಿ ಬೇಡ.

ತಡೆ ಒಳಗಿದ್ದರೆ ತೂತಿಗೆ ಗಟ್ಟಿ ತಂತಿ ಹಾಕಿ ಕೆದಕಿ. ಒಣಗಿದ ಗ್ರೀಸು ಬೂದು ಬಣ್ಣದ ಮೇಣದ ಹಾಗೆ ತುಂಡು ತುಂಡಾಗಿ ಬರುತ್ತದೆ. ಆಮೇಲೆ ಡೀಸೆಲಿಗೆ ಅಷ್ಟೇ ತೆಳು ಎಣ್ಣೆ ಬೆರೆಸಿ ತೂತಿನ ತುಂಬ ಹನಿಸಿ ರಾತ್ರಿ ಬಿಡಿ. ಬೆಳಿಗ್ಗೆ ಮತ್ತೆ ಎಣ್ಣೆ ತುಂಬಿ, ತೂತಿಗೆ ಸರಿಯಾಗಿ ಕೂರುವ ನಯವಾದ ಕಬ್ಬಿಣದ ಕಡ್ಡಿ ಇಟ್ಟು, ಸುತ್ತ ಬಟ್ಟೆ ಹಿಡಿದು, ಸುತ್ತಿಗೆಯಿಂದ ಸಣ್ಣದಾಗಿ ಹೊಡೆಯಿರಿ. ಎಣ್ಣೆ ಕುಗ್ಗುವುದಿಲ್ಲವಾದ್ದರಿಂದ ಏಟಿನ ಒತ್ತಡವೆಲ್ಲ ಗ್ರೀಸಿನ ಬಿರಡೆಯ ಮೇಲೆ ಬಿದ್ದು ಅದನ್ನು ಒಳಗೆ ದೂಡುತ್ತದೆ. ಬಟ್ಟೆ ಮರೆಯಬೇಡಿ, ಕಣ್ಣಿಗೆ ಎಣ್ಣೆ ಚಿಮ್ಮುತ್ತದೆ. ಗ್ಯಾಸ್ ಕಟ್ಟರಿನಿಂದ ಕೆಂಪಗೆ ಕಾಯಿಸುವುದು ಮಾತ್ರ ಬೇಡವೇ ಬೇಡ. ಸೀಲ್ ಸುಡುತ್ತದೆ, ಪಿನ್ನಿನ ಮೇಲ್ಮೈಯ ಗಡಸುತನ ಹೋಗುತ್ತದೆ, ಎರಡು ವರ್ಷದಲ್ಲಿ ಆ ಪಿನ್ ಸವೆದೇ ಹೋಗುತ್ತದೆ.

ತೂತು ಬಿಟ್ಟುಕೊಂಡ ಮೇಲೆ ಗ್ರೀಸ್ ಹೊಡೆಯುವುದು ಚಕ್ರ ಎತ್ತಿದ ಸ್ಥಿತಿಯಲ್ಲಿಯೇ. ಚಕ್ರ ನೆಲದಲ್ಲಿದ್ದಾಗ ಪಿನ್ನು ಬುಶ್ಶಿನ ಒಂದು ಬದಿಗೆ ಒತ್ತಿಕೊಂಡಿರುತ್ತದೆ, ಥ್ರಸ್ಟ್ ಬೇರಿಂಗಿನ ಎರಡು ಮುಖವೂ ಭಾರಕ್ಕೆ ಕಚ್ಚಿಕೊಂಡಿರುತ್ತವೆ. ಗ್ರೀಸು ಸಡಿಲ ಇದ್ದ ದಾರಿ ಹಿಡಿದು ಮೇಲಿನಿಂದ ಹೊರಗೆ ಬಂದುಬಿಡುತ್ತದೆ, ಬೇಕಾದ ಜಾಗಕ್ಕೆ ಮುಟ್ಟುವುದೇ ಇಲ್ಲ. ಗ್ರೀಸ್ ಹೊರಬಂದದ್ದು ಕಣ್ಣಿಗೆ ಕಾಣುತ್ತದೆ, ಕೆಲಸ ಆಯಿತು ಎಂದು ನಾವು ನಂಬುತ್ತೇವೆ. ವರ್ಷಾನುಗಟ್ಟಲೆ ಗ್ರೀಸ್ ಹೊಡೆದ ಗಾಡಿಯಲ್ಲೂ ಕೆಳಗಿನ ಬೇರಿಂಗ್ ಒಣಗಿ ತುಕ್ಕು ಹಿಡಿಯುವುದು ಹೀಗೆ. ಎತ್ತಿ ಹಿಡಿದು, ಒಬ್ಬರು ಗನ್ ಒತ್ತುವಾಗ ಇನ್ನೊಬ್ಬರು ಚಕ್ರವನ್ನು ಎಡಕ್ಕೆ ಬಲಕ್ಕೆ ತೂಗುತ್ತಿರಬೇಕು. ಕೆಳಗಿನಿಂದ ಮೊದಲು ಕೆಂಪು ನೀರು, ಆಮೇಲೆ ಕಪ್ಪು ಗ್ರೀಸು, ಕೊನೆಗೆ ಹೊಸ ಗ್ರೀಸಿನ ಬಣ್ಣ ಬರುತ್ತದೆ. ಆ ಬಣ್ಣ ಕಾಣುವವರೆಗೆ ಗನ್ ಇಳಿಸಬೇಡಿ.

ಹೂಟಿಯ ದಿನಗಳಲ್ಲಿ ತೊಳೆದ ಮೇಲೆ ಗ್ರೀಸ್ ಹೊಡೆಯಬೇಕು, ಗ್ರೀಸ್ ಹೊಡೆದು ತೊಳೆಯುವುದಲ್ಲ. ತೊಳೆಯುವಾಗ ಒಳಗೆ ಸೇರಿದ ನೀರನ್ನು ಹೊರಗೆ ದೂಡುವುದೇ ಆ ಗ್ರೀಸಿನ ಕೆಲಸ. ಗಜನಿಯಲ್ಲಾದರೆ ಅದೇ ಸಂಜೆ ಸಿಹಿನೀರಿನಲ್ಲಿ ತೊಳೆಯಲೇಬೇಕು.


ತಿರುವು ಮುರುವು, ಯಲ್ಲಾಪುರ

ಬಿಚ್ಚುವ ಮೊದಲು ನೋಡಲೇಬೇಕಾದ ಸಣ್ಣ ಸಂಗತಿಗಳು ಬಿಟ್ಟುಹೋಗಿವೆ.

6.00-16 ಟೈರಿಗೆ ಸಾಮಾನ್ಯವಾಗಿ 26ರಿಂದ 32 ಪಿಎಸ್‌ಐ ಗಾಳಿ ಬೇಕು. ನಿಮ್ಮ ಗಾಡಿಯ ಪುಸ್ತಕದಲ್ಲಿ ಕೊಟ್ಟ ಲೆಕ್ಕ ಇದ್ದರೆ ಅದನ್ನೇ ಹಿಡಿಯಿರಿ. ಒಂದೂವರೆ ತಿಂಗಳು ನಿಂತ ಗಾಡಿಯಲ್ಲಿ 15ಕ್ಕೆ ಇಳಿದಿದ್ದರೆ ಆಶ್ಚರ್ಯವಿಲ್ಲ, ಟೈರು ಅಗಲಕ್ಕೆ ಕೂತು ನೆಲಕ್ಕೆ ಅಂಟಿದ ಹಾಗೆ ಆಗುತ್ತದೆ. ಕೈಯಿಂದ ಗುದ್ದಿ ನೋಡಿದರೆ ತಿಳಿಯದು, ಗೇಜ್ ಹಿಡಿಯಿರಿ. ಮುಂದೆ ಬಂಪರ್ ಮೇಲೆ ಹೆಚ್ಚುವರಿ ವೇಯ್ಟ್ ಪ್ಲೇಟು ಹೂಟಿಗೆಂದು ಹಾಕಿದ್ದು ಹಾಗೇ ಇದೆಯಾ? ಟ್ರಾಲಿ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಇರಲಿ. ಪೂರ್ತಿ ತೆಗೆದರೂ ಕಷ್ಟ. ಟ್ರಾಲಿಯ ಭಾರ ಹಿಚ್ಚಿನ ಮೇಲೆ ಕೂತು ಮುಂದಿನ ಚಕ್ರ ನೆಲ ಬಿಡುತ್ತದೆ, ಏರಿನಲ್ಲಿ ಅದು ಜೀವಕ್ಕೆ ಅಪಾಯ.

ಇನ್ನೊಂದು, ಡಿಫರೆನ್ಷಿಯಲ್ ಲಾಕ್. ಕೆಸರಿನಲ್ಲಿ ತುಳಿದ ಪೆಡಲು ಮಣ್ಣು ತುಂಬಿ ಹಾಗೇ ಕಚ್ಚಿಕೊಂಡಿದ್ದರೆ ಹಿಂದಿನ ಎರಡೂ ಚಕ್ರ ಒಂದೇ ವೇಗದಲ್ಲಿ ತಿರುಗಿ ಗಾಡಿಯನ್ನು ನೇರಕ್ಕೇ ದೂಡುತ್ತವೆ. ಮುಂದಿನ ಚಕ್ರ ತಿರುಗಿಸಿದರೂ ಗಾಡಿ ತಿರುಗುವುದಿಲ್ಲ, ಮಣ್ಣು ಉಜ್ಜಿಕೊಂಡು ಹೋಗುತ್ತದೆ, ಸ್ಟೇರಿಂಗ್ ಬಿಗಿ ಎಂದು ಅನ್ನಿಸುತ್ತದೆ. ನಿಮ್ಮದು ನಿಂತಲ್ಲೇ ಬಿಗಿ ಇರುವುದರಿಂದ ಇದೇ ಮುಖ್ಯ ಕಾರಣ ಆಗಿರಲಾರದು. ಆದರೂ ಪೆಡಲು ಸ್ಪ್ರಿಂಗಿನಿಂದ ಮೇಲೆ ಬರುತ್ತದಾ ಎಂದು ಒಮ್ಮೆ ಕಾಲಲ್ಲಿ ಒತ್ತಿ ನೋಡಲು ಅರ್ಧ ನಿಮಿಷ ಸಾಕು.

ಟೈರಾಡ್ ಎಲ್ಲಾದರೂ ಬಾಗಿದೆಯಾ ಎಂದೂ ನೋಡಿ. ಗದ್ದೆಯ ಬದು ಹತ್ತಿಸುವಾಗ, ತೋಟದ ದಾರಿಯ ಚಿರೆಕಲ್ಲಿಗೆ ತಾಗಿದಾಗ ಬಾಗುವುದು ಮೊದಲು ಅದೇ.


ವರದಾ ದಂಡೆ, ಬನವಾಸಿ

ಎಲ್ಲರಿಗೂ ಉಪಕಾರ. ನಿನ್ನೆ ಹೇಳಿದ ಹಾಗೆಯೇ ಮಾಡಿದೆ, ಕಂಡದ್ದು ಇಷ್ಟು.

ಗಾಳಿ ಬಲಕ್ಕೆ 22, ಎಡಕ್ಕೆ 16. ಎರಡಕ್ಕೂ 30 ಹೊಡೆದೆ. ಸ್ವಲ್ಪ ಹಗುರವಾಯಿತು, ಆದರೆ ಕಲ್ಲು ಕಲ್ಲೇ. ಡಿಫರೆನ್ಷಿಯಲ್ ಲಾಕ್ ಪೆಡಲು ಸರಿಯಾಗಿ ಮೇಲೆ ಬರುತ್ತದೆ. ಡ್ರ್ಯಾಗ್ ಲಿಂಕ್ ಬಿಡಿಸಿದ ಮೇಲೆ ಬಾಕ್ಸ್ ಒಂದನ್ನೇ ತಿರುಗಿಸಿದರೆ ಎರಡು ಬೆರಳಲ್ಲಿ ತಿರುಗುತ್ತದೆ, ನಡುವಿನಲ್ಲಿ ಮಾತ್ರ ಕಾಲು ಸುತ್ತಿನಷ್ಟು ಜಾಗದಲ್ಲಿ ಹಿಡಿಯುತ್ತದೆ. ಬಲ ಚಕ್ರ ಸಲೀಸು. ಎಡ ಚಕ್ರ ಎರಡು ಕೈ ಹಾಕಿ ದೂಡಿದರೂ ಕಿರ್ರ್ ಎಂದು ಸದ್ದು ಮಾಡುತ್ತ ಸ್ವಲ್ಪ ಸ್ವಲ್ಪವೇ ಸರಿಯುತ್ತದೆ. ನಿಪ್ಪಲ್ ತೆಗೆದು ಕೆದಕಿ, ಎಣ್ಣೆ ಬಿಟ್ಟು ಕಡ್ಡಿಯಿಂದ ಹೊಡೆದೆ. ಸ್ವಲ್ಪ ಗ್ರೀಸ್ ಹೋಯಿತು, ಆದರೆ ಕೆಳಗಿನಿಂದ ಬಂದದ್ದು ಬರೀ ಕೆಂಪು ತುಕ್ಕಿನ ಕೆಸರು.

ಹಾಗಾಗಿ ಎಡ ಸ್ಟಬ್ ಆಕ್ಸಲ್ ಇಳಿಸಿದೆ. ಥ್ರಸ್ಟ್ ಬೇರಿಂಗ್ ಕೈಗೆ ಬಂದಾಗ ಎರಡು ಗುಂಡು ಕೆಳಗೆ ಬಿತ್ತು, ಉಳಿದವು ತುಕ್ಕಿನಲ್ಲಿ ಅಂಟಿದ್ದವು. ಪಿನ್ನಿನ ಕೆಳಗಿನ ಭಾಗದಲ್ಲಿ ಉಗುರು ಸಿಕ್ಕುವಷ್ಟು ಗೆರೆಗಳಿವೆ. ಪಿನ್ನು ಸ್ಟಬ್ ಆಕ್ಸಲಿಗೆ ಸೇರಿಯೇ ಇದೆ, ಬೇರೆ ಬರುವುದಿಲ್ಲ. ಬುಶ್ ಕೆಳಗಿನದು ಒಂದು ಬದಿಗೆ ಸವೆದು ಮೊಟ್ಟೆಯಾಕಾರವಾಗಿದೆ. ಪಿನ್ನಿಗೆ ವೆಲ್ಡಿಂಗ್ ತುಂಬಿಸಿ ಲೇತಿನಲ್ಲಿ ಕಡೆದರೆ ಆದೀತೇ? ಬಾಕ್ಸಿನ ನಡುವಿನ ಹಿಡಿತಕ್ಕೆ ಏನು ಮಾಡಲಿ? ಅದರ ಎಣ್ಣೆ ಹೊರಗೆ ತೆಗೆದು ನೋಡಿದರೆ ಹಾಲು ಹಾಕಿದ ಚಹಾದ ಬಣ್ಣ.


ಲೇತ್ ಮೂಲೆ, ಸಿದ್ದಾಪುರ

ಪಿನ್ನಿಗೆ ವೆಲ್ಡಿಂಗ್ ಬೇಡ. ಸ್ಟಬ್ ಆಕ್ಸಲ್ ಮೇಲೆ ಟ್ರ್ಯಾಕ್ಟರಿನ ಮುಂದಿನ ಅರ್ಧ ಭಾರ ಕೂತಿರುತ್ತದೆ. ವೆಲ್ಡಿಂಗಿನ ಕಾವಿಗೆ ಪಿನ್ನಿನ ಬುಡದ ಗುಣ ಬದಲಾಗುತ್ತದೆ, ಬುಡದ ಮೂಲೆಯಲ್ಲಿ ಕಣ್ಣಿಗೆ ಕಾಣದ ಬಿರುಕು ಉಳಿಯುತ್ತದೆ. ದೇವಿಮನೆ ಘಟ್ಟದಂಥ ಇಳಿಜಾರಿನಲ್ಲಿ ಟ್ರಾಲಿ ಹಿಂದಿರುವಾಗ ಅದು ತುಂಡಾದರೆ ಗತಿಯೇನು ಯೋಚಿಸಿ. ಲೇತಿನವರು ಮಾಡಿಕೊಡುತ್ತೇವೆ ಎಂದರೂ ಒಪ್ಪಬೇಡಿ. ಉಗುರು ಸಿಕ್ಕುವ ಗೆರೆ ಇದ್ದರೆ ಹೊಸ ಸ್ಟಬ್ ಆಕ್ಸಲೇ ಸರಿ. ಗೆರೆ ಇಲ್ಲದೆ ಬರೀ ಕಪ್ಪು ಕಲೆ ಇದ್ದಿದ್ದರೆ ಸಪೂರ ಎಮರಿ ಪೇಪರಿಗೆ ಎಣ್ಣೆ ಹಚ್ಚಿ ಸುತ್ತಲೂ ಒರೆಸಿ ಹಾಕಬಹುದಿತ್ತು. ಕೊಳ್ಳುವಾಗ ಹಳೆಯದನ್ನು ಜೊತೆಗೇ ಒಯ್ದು ಪಿನ್ನಿನ ದಪ್ಪ, ಉದ್ದ, ಮೇಲೆ ಕೀ (ಆರ್ಮ್ ಜಾರದಂತೆ ಹಿಡಿಯುವ ಬಿಲ್ಲೆ) ಕೂರುವ ತೋಡು, ಈ ಮೂರನ್ನೂ ತಾಳೆ ನೋಡಿ. ಒಂದೇ ಮಾಡೆಲಿನಲ್ಲಿ ವರ್ಷದ ಮೇಲೆ ಬೇರೆ ಬೇರೆ ಬರುತ್ತದೆ.

ಬುಶ್ ಎರಡೂ ಬದಲಿಸಿ, ಮೇಲಿನದು ಚೆನ್ನಾಗಿ ಕಂಡರೂ. ಹಳೆಯದನ್ನು ಉಳಿಯಿಂದ ಕೊಚ್ಚಿ ತೆಗೆಯಬೇಡಿ, ಆಕ್ಸಲಿನ ಒಳಮೈಗೆ ಗಾಯವಾದರೆ ಹೊಸ ಬುಶ್ ವಾರೆ ಕೂರುತ್ತದೆ. ಬುಶ್ಶಿನ ಹೊರ ಅಳತೆಗಿಂತ ಕೂದಲೆಳೆ ಸಣ್ಣ ಇರುವ ಮೆಟ್ಟಿಲು ಮ್ಯಾಂಡ್ರೆಲ್ (ಎರಡು ದಪ್ಪದ ಕಬ್ಬಿಣದ ಕಡ್ಡಿ) ಲೇತಿನಲ್ಲಿ ಮಾಡಿಸಿ, ಅದರಿಂದ ಹೊಡೆದು ತೆಗೆಯಿರಿ. ಹೊಸದನ್ನು ಕೂರಿಸಲು ಸುತ್ತಿಗೆ ಬೇಡ. ಉದ್ದ ಬೋಲ್ಟು, ಎರಡು ದಪ್ಪ ವಾಷರು, ನಟ್ಟು ಹಾಕಿ ಬಿಗಿ ಮಾಡುತ್ತ ಎಳೆದು ಕೂರಿಸಿ. ಎಳೆಯುವ ಮೊದಲು ಬುಶ್ಶಿನ ತೂತು ನಿಪ್ಪಲಿನ ತೂತಿಗೆ ನೇರ ಬರುವಂತೆ ಆಕ್ಸಲಿನ ಮೇಲೆ ಸೀಮೆಸುಣ್ಣದ ಗೆರೆ ಹಾಕಿಕೊಳ್ಳಿ. ಕೂರಿಸಿದ ಮೇಲೆ ನಿಪ್ಪಲಿನ ತೂತಿನಿಂದ ತಂತಿ ಹಾಕಿ ಒಳಗೆ ಬರುತ್ತದಾ ನೋಡಿ. ತೂತು ತಪ್ಪಿ ಕೂತ ಬುಶ್ಶೇ ಎಷ್ಟೋ ಗಾಡಿಗಳಲ್ಲಿ ಗ್ರೀಸ್ ಹೋಗದಿರಲು ಮೂಲ ಕಾರಣ. ನಿಮ್ಮ ಹಳೇ ಬುಶ್ಶನ್ನೂ ಎಸೆಯುವ ಮೊದಲು ತೂತು ಎಲ್ಲಿತ್ತು ನೋಡಿಕೊಳ್ಳಿ.

ಒತ್ತಿ ಕೂರಿಸಿದಾಗ ಬುಶ್ ಸ್ವಲ್ಪ ಕುಗ್ಗುತ್ತದೆ, ಆದ್ದರಿಂದ ಮೇಲಿನದು ಕೆಳಗಿನದು ಎರಡನ್ನೂ ಒಂದೇ ನೇರದಲ್ಲಿ ರೀಮರ್ ಹಾಯಿಸಿ ಒಳಗಿನ ತೂತು ಅಳತೆಗೆ ತರಬೇಕು. ಪಿನ್ನಿಗೂ ಬುಶ್ಶಿಗೂ ನಡುವೆ ಅಂದಾಜು 0.05ರಿಂದ 0.10 ಮಿ.ಮೀ. ಸಂದು ಇರಲಿ. ಅಳೆಯಲು ಸಲಕರಣೆ ಇಲ್ಲದಿದ್ದರೆ ಹೀಗೆ ನೋಡಿ: ಪಿನ್ನಿಗೆ ತೆಳುವಾಗಿ ಎಣ್ಣೆ ಹಚ್ಚಿ ಹಾಕಿದರೆ ಬೆರಳಲ್ಲಿ ತಿರುಗಬೇಕು, ಅಡ್ಡಕ್ಕೆ ಅಲುಗಿಸಿದರೆ ಟಕಟಕ ಎನ್ನಬಾರದು. ಬಿಗಿ ಇದ್ದರೂ ಓಡುತ್ತ ಓಡುತ್ತ ಸರಿ ಹೋಗುತ್ತದೆ ಎನ್ನುವ ಮಾತು ನಂಬಬೇಡಿ. ಗ್ರೀಸಿಗೆ ಜಾಗವಿಲ್ಲದ ಬುಶ್ ಮತ್ತೆ ಕಚ್ಚಿಕೊಳ್ಳುತ್ತದೆ.

ಥ್ರಸ್ಟ್ ಬೇರಿಂಗಿಗೆ ತಗಡಿನ ಕವಚ ಇದ್ದರೆ ಅದರ ಮುಚ್ಚಿದ ಬದಿ ಮೇಲೆ, ಬಾಯಿ ಕೆಳಗೆ. ತಲೆಕೆಳಗಾಗಿ ಹಾಕಿದರೆ ಅದೇ ನೀರು ಹಿಡಿಯುವ ಬಟ್ಟಲಾಗುತ್ತದೆ. ಹಾಕುವ ಮೊದಲು ಗುಂಡುಗಳ ನಡುವೆ ಬೆರಳಿನಿಂದ ಗ್ರೀಸ್ ತುಂಬಿ. ಕೆಳಗಿನ ಡಸ್ಟ್ ಸೀಲ್ ಹೊಸದೇ ಹಾಕಿ. ಕೊನೆಗೆ ಮೇಲಿನ ಸ್ಟೇರಿಂಗ್ ಆರ್ಮ್ ಕೂರಿಸುವಾಗ ಶಿಮ್ ವಾಷರ್ (ಸಂದು ತುಂಬುವ ತೆಳು ಬಿಲ್ಲೆ) ಲೆಕ್ಕ ನೋಡಿ: ಚಕ್ರ ಮೇಲೆ ಕೆಳಗೆ ಎತ್ತಿದರೆ ಪೋಸ್ಟ್ ಕಾರ್ಡಿನ ದಪ್ಪದ ಅಲುಗಾಟ ಸಾಕು, ಒಂದಿಷ್ಟೂ ಇಲ್ಲದಿದ್ದರೆ ಅದೂ ಬಿಗಿಯೇ. ಆರ್ಮಿನ ಕೀ ಸವೆದಿದ್ದರೆ ಹೊಸ ಕೀ. ನಿಮ್ಮ ನಾಲ್ಕು ಬೆರಳಿನ ಪ್ಲೇಯಲ್ಲಿ ಅದರ ಪಾಲೂ ಇರಬಹುದು.

ಬಲಗಡೆ ಸಲೀಸಾಗಿದೆ ಎಂದು ಹಾಗೇ ಬಿಡಬೇಡಿ. ಅಷ್ಟೇ ಕೆಸರು ಅದೂ ಕುಡಿದಿದೆ. ಥ್ರಸ್ಟ್ ಬೇರಿಂಗ್ ಇಳಿಸಿ ನೋಡಿ.


ಎಣ್ಣೆ ಕೈ, ಶಿರಸಿ

ಬಾಕ್ಸಿನ ವಿಷಯ. ಚಹಾದ ಬಣ್ಣ ಎಂದರೆ ಎಣ್ಣೆಯಲ್ಲಿ ನೀರು. ನೀರು ಸೇರುವುದು ಹೆಚ್ಚಾಗಿ ಮೇಲಿನಿಂದ. ಸ್ಟೇರಿಂಗ್ ಚಕ್ರದ ನಡುವಿನ ಮುಚ್ಚಳ ಇದೆಯಾ? ಬಿದ್ದುಹೋಗಿದ್ದರೆ ನಟ್ಟಿನ ಸುತ್ತ ಕೆಂಪು ತುಕ್ಕಿನ ಗೆರೆ ಕಾಣುತ್ತದೆ. ಮಳೆಹನಿ ಆ ನಟ್ಟಿನ ಪಕ್ಕದಿಂದ ಕಾಲಮಿನೊಳಗೆ ಇಳಿದು ನೇರ ಬಾಕ್ಸಿಗೆ ಬರುತ್ತದೆ. ಹೊಸ ಮುಚ್ಚಳ ಸಿಗುವವರೆಗೆ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಕಟ್ಟಿ. ಸೋಗೆ ಮಾಡಿನ ಕೆಳಗೆ ನಿಲ್ಲಿಸುವ ಗಾಡಿಗಂತೂ ಇದು ಬೇಕು.

ಹಳೇ ಎಣ್ಣೆ ಪೂರ್ತಿ ತೆಗೆಯಿರಿ. ಡ್ರೇನ್ ಪ್ಲಗ್ ಇಲ್ಲದ ಬಾಕ್ಸಾದರೆ ಸಪೂರ ಪೈಪು ಹಾಕಿದ ಸಿರಿಂಜಿನಿಂದ ಎಳೆಯಬಹುದು. ಅರ್ಧ ಲೀಟರ್ ಡೀಸೆಲ್ ಹಾಕಿ ಹತ್ತು ಸಲ ಆಚೀಚೆ ತಿರುಗಿಸಿ, ತೆಗೆದು, ಬಿಳಿ ಬಟ್ಟೆಯ ಮೇಲೆ ಸುರಿದು ನೋಡಿ. ಮಿನುಗುವ ಸಣ್ಣ ಲೋಹದ ಪುಡಿ ಹಳೇ ಬಾಕ್ಸಿನಲ್ಲಿ ಇದ್ದದ್ದೇ. ಕೈಗೆ ಸಿಗುವ ಚೂರು, ಗುಂಡಿನ ಸಿಪ್ಪೆ ಬಂದರೆ ಮಾತ್ರ ಬಾಕ್ಸ್ ಬಿಚ್ಚಬೇಕು. ಡೀಸೆಲ್ ಪೂರ್ತಿ ಇಳಿದ ಮೇಲೆ ಪುಸ್ತಕದಲ್ಲಿ ಹೇಳಿದ ಎಣ್ಣೆ, ಹೆಚ್ಚಿನವಕ್ಕೆ ಎಸ್‌ಎಇ 90 ಗೇರ್ ಆಯಿಲ್, ಲೆವೆಲ್ ಪ್ಲಗ್ಗಿನ ತೂತಿನ ಅಂಚಿಗೆ ಬರುವವರೆಗೆ.

ಎಣ್ಣೆ ಸೋರುತ್ತದೆ ಎಂದು ಬಾಕ್ಸಿಗೆ ಗ್ರೀಸ್ ತುಂಬುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ವರ್ಮ್ ಒಂದು ಸಲ ಗ್ರೀಸಿನಲ್ಲಿ ದಾರಿ ಕೊರೆದುಕೊಂಡರೆ ಗ್ರೀಸು ಗೋಡೆಗೆ ಅಂಟಿ ನಿಲ್ಲುತ್ತದೆ, ಎಣ್ಣೆಯ ಹಾಗೆ ಹರಿದು ಮರಳಿ ಬರುವುದಿಲ್ಲ. ಬಾಕ್ಸಿನ ತುಂಬ ಗ್ರೀಸ್ ಇದ್ದೂ ವರ್ಮ್ ಒಣಗಿರುತ್ತದೆ. ಸೋರಿಕೆಗೆ ಔಷಧ ಡ್ರಾಪ್ ಆರ್ಮಿನ ಶಾಫ್ಟಿನ ಆಯಿಲ್ ಸೀಲ್. ಆರ್ಮ್ ತೆಗೆಯುವ ಮೊದಲು ಆರ್ಮಿಗೂ ಶಾಫ್ಟಿಗೂ ಒಂದೇ ನೇರದಲ್ಲಿ ಪಂಚ್ ಗುರುತು ಹಾಕಿ, ಪುಲ್ಲರ್ ಹಾಕಿಯೇ ಎಳೆಯಿರಿ.

ನಡುವಿನ ಹಿಡಿತಕ್ಕೆ ಅಡ್ಜಸ್ಟಿಂಗ್ ಸ್ಕ್ರೂ. ಈ ಬಾಕ್ಸುಗಳನ್ನು ನೇರ ಓಡುವ ಜಾಗದಲ್ಲಿ ಹಲ್ಲು ಹತ್ತಿರ ಬರುವಂತೆ, ತುದಿಗಳಲ್ಲಿ ಸ್ವಲ್ಪ ಸಡಿಲ ಇರುವಂತೆ ಮಾಡಿರುತ್ತಾರೆ. ಯಾರೋ ತುದಿಗೆ ತಿರುಗಿಸಿಟ್ಟು ಪ್ಲೇ ನೋಡಿ ಸ್ಕ್ರೂ ಬಿಗಿ ಮಾಡಿದರೆ ನಡುವಿಗೆ ಬಂದಾಗ ಹಿಡಿಯಲೇಬೇಕು. ನಿಮ್ಮದು ಅದೇ ಇದ್ದಂತಿದೆ. ಡ್ರ್ಯಾಗ್ ಲಿಂಕ್ ಬಿಡಿಸಿಯೇ ಇರಲಿ. ಒಂದು ತುದಿಯಿಂದ ಇನ್ನೊಂದಕ್ಕೆ ಎಷ್ಟು ಸುತ್ತು ಎಣಿಸಿ, ಅದರ ಅರ್ಧಕ್ಕೆ ತಂದು ನಿಲ್ಲಿಸಿ. ಲಾಕ್ ನಟ್ ಸಡಿಲಿಸಿ ಸ್ಕ್ರೂವನ್ನು ಒಂದು ಸುತ್ತು ಹೊರಗೆ ಬಿಡಿ. ಹಿಡಿತ ಪೂರ್ತಿ ಹೋಯಿತಾ ನೋಡಿ. ಆಮೇಲೆ ಸ್ವಲ್ಪ ಸ್ವಲ್ಪ ಒಳಗೆ ತಿರುಗಿಸುತ್ತ, ನಡುವನ್ನು ದಾಟುವಾಗ ಕೈಗೆ ತೀರಾ ಸಣ್ಣ ತಡೆ ಸಿಕ್ಕಿದ ಕೂಡಲೇ ನಿಲ್ಲಿಸಿ. ಸ್ಕ್ರೂಡ್ರೈವರಿನಲ್ಲಿ ಸ್ಕ್ರೂ ಅಲುಗದಂತೆ ಹಿಡಿದು ಲಾಕ್ ನಟ್ ಬಿಗಿ ಮಾಡಿ, ಮತ್ತೊಮ್ಮೆ ತಿರುಗಿಸಿ ನೋಡಿ. ನಟ್ಟಿನ ಜೊತೆ ಸ್ಕ್ರೂವೂ ಒಂದಿಷ್ಟು ತಿರುಗುವುದು ಮಾಮೂಲು. ಸ್ಕ್ರೂ ಬದಲು ಕವರಿನ ಕೆಳಗೆ ಶಿಮ್ ಇರುವ ಬಾಕ್ಸಾದರೆ ಒಂದು ತೆಳು ಶಿಮ್ ಸೇರಿಸಿ ನೋಡಿ.


ಬೆಟ್ಟದ ದಾರಿ, ಮುಂಡಗೋಡ

ನಡುವೆ ಬಂದದ್ದಕ್ಕೆ ಕ್ಷಮಿಸಿ. ನಮ್ಮಲ್ಲೂ ಇಂಥದೇ ಗಾಡಿ. ಇಷ್ಟೆಲ್ಲ ಮಾಡುವ ಬದಲು ಪವರ್ ಸ್ಟೇರಿಂಗ್ ಕಿಟ್ ಹಾಕಿಸಿದರೆ ಒಂದೇ ಸಲಕ್ಕೆ ಮುಗಿಯುವುದಿಲ್ಲವೇ?


ಲೇತ್ ಮೂಲೆ, ಸಿದ್ದಾಪುರ

ಕಿಟ್ ಹಾಕುವುದು ತಪ್ಪಲ್ಲ, ಆದರೆ ಕಿಂಗ್‌ಪಿನ್ ಸರಿ ಮಾಡಿದ ಮೇಲೆ. ಕೈಯಲ್ಲಿ ತಿರುಗಿಸುವಾಗ ಬಿಗಿ ನಿಮಗೆ ತಿಳಿಯುತ್ತದೆ. ಎಣ್ಣೆಯ ಒತ್ತಡದಿಂದ ದೂಡುವ ಕಿಟ್ಟಿನ ಸಿಲಿಂಡರಿಗೆ ತಿಳಿಯುವುದಿಲ್ಲ, ಕಚ್ಚಿಕೊಂಡ ಪಿನ್ನನ್ನೂ ಅದು ದೂಡಿಯೇ ತೀರುತ್ತದೆ. ಆ ಬಲವೆಲ್ಲ ಟೈರಾಡ್ ಎಂಡು, ಆರ್ಮಿನ ಕೀ, ಸಿಲಿಂಡರ್ ಕೂರಿಸಿದ ಬ್ರ್ಯಾಕೆಟ್ ಇವುಗಳ ಮೇಲೆ ಬೀಳುತ್ತದೆ. ಎಲ್ಲಿ ದುರ್ಬಲವೋ ಅಲ್ಲಿ ಮುರಿಯುತ್ತದೆ, ಯಾವ ಸೂಚನೆಯೂ ಕೊಡದೆ. ಹಾಗಾಗಿ ಮೊದಲು ಕೈ ಸ್ಟೇರಿಂಗ್ ಹಗುರ ಆಗಬೇಕು. ಆಮೇಲೂ ಬೇಕೆನ್ನಿಸಿದರೆ ಕಿಟ್. ಹಾಕಿದ ಮೇಲೆ ಐಡ್ಲಿಂಗಿನಲ್ಲಿ ಬಿಗಿ, ರೇಸ್ ಕೊಟ್ಟರೆ ಹಗುರ ಎಂದಾದರೆ ಪಂಪಿನ ಸವೆತ ನೋಡಬೇಕು. ಟ್ಯಾಂಕಿನ ಎಣ್ಣೆಯಲ್ಲಿ ನೊರೆ ಕಂಡರೆ ಎಲ್ಲೋ ಗಾಳಿ ಎಳೆಯುತ್ತಿದೆ ಎಂದು ಅರ್ಥ.


ವರದಾ ದಂಡೆ, ಬನವಾಸಿ

ಹೊಸ ಎಡ ಸ್ಟಬ್ ಆಕ್ಸಲ್, ನಾಲ್ಕು ಬುಶ್, ಎರಡು ಥ್ರಸ್ಟ್ ಬೇರಿಂಗ್, ಸೀಲು, ಕೀ, ಡ್ರ್ಯಾಗ್ ಲಿಂಕಿನ ಒಂದು ಬಾಲ್ ಜಾಯಿಂಟ್ ಹಾಕಿದ್ದಾಯಿತು. ಹಳೇ ಕೆಳಗಿನ ಬುಶ್ಶಿನ ತೂತು ನಿಪ್ಪಲಿಗಿಂತ ಅರ್ಧ ಇಂಚು ಪಕ್ಕದಲ್ಲಿತ್ತು, ಲೇತ್ ಮೂಲೆಯವರು ಹೇಳಿದ್ದೇ ನಿಜ. ಬಾಕ್ಸಿನ ಸ್ಕ್ರೂ ಮುಕ್ಕಾಲು ಸುತ್ತು ಬಿಟ್ಟ ಮೇಲೆ ಹಿಡಿತ ಹೋಯಿತು. ಬಲಗಡೆಯ ಬೇರಿಂಗಿನಲ್ಲೂ ತುಕ್ಕು ಶುರುವಾಗಿತ್ತು. ಈಗ ನಿಂತಲ್ಲಿ ಒಂದು ಕೈಯಲ್ಲಿ ತಿರುಗುತ್ತದೆ, ಪ್ಲೇ ಒಂದೂವರೆ ಇಂಚು. ಟೈರಾಡ್ ಬಿಚ್ಚಿ ಹಾಕಿದ್ದರಿಂದ ಚಕ್ರದ ನೇರ ಹೇಗೆ ನೋಡುವುದು, ಗ್ರೀಸ್ ಎಷ್ಟು ದಿನಕ್ಕೆ, ಇಷ್ಟು ಹೇಳಿಬಿಡಿ.


ತಿರುವು ಮುರುವು, ಯಲ್ಲಾಪುರ

ಸಪಾಟು ನೆಲದಲ್ಲಿ ಚಕ್ರ ನೇರ ನಿಲ್ಲಿಸಿ. ಎರಡೂ ರಿಮ್ಮಿನ ಒಳ ಅಂಚಿಗೆ, ಮುಂಭಾಗದಲ್ಲಿ, ಹಬ್ಬಿನ ಎತ್ತರಕ್ಕೆ ಸೀಮೆಸುಣ್ಣದ ಗುರುತು ಹಾಕಿ ನಡುವಿನ ಅಂತರ ಅಳೆಯಿರಿ. ಗಾಡಿಯನ್ನು ಅರ್ಧ ಸುತ್ತು ಮುಂದೆ ದೂಡಿ, ಅದೇ ಗುರುತುಗಳು ಹಿಂದೆ ಹಬ್ಬಿನ ಎತ್ತರಕ್ಕೆ ಬಂದಾಗ ಮತ್ತೆ ಅಳೆಯಿರಿ. ಅದೇ ಗುರುತು ಬಳಸುವುದರಿಂದ ರಿಮ್ ಸ್ವಲ್ಪ ಸೊಟ್ಟಗಿದ್ದರೂ ಲೆಕ್ಕ ತಪ್ಪುವುದಿಲ್ಲ. ಮುಂದಿನ ಅಳತೆ ಹಿಂದಿನದಕ್ಕಿಂತ 3ರಿಂದ 6 ಮಿ.ಮೀ. ಕಮ್ಮಿ ಇರಲಿ, ಪುಸ್ತಕದಲ್ಲಿ ಬೇರೆ ಕೊಟ್ಟಿದ್ದರೆ ಅದೇ ಸರಿ. ಟೈರಾಡಿನ ಲಾಕ್ ನಟ್ ಸಡಿಲಿಸಿ ತಿರುಗಿಸಿದ ಮೇಲೆ ಎರಡೂ ತುದಿಯಲ್ಲಿ ಥ್ರೆಡ್ ಸಾಕಷ್ಟು ಒಳಗಿದೆಯಾ ನೋಡಿ. ಸ್ಪ್ಲಿಟ್ ಪಿನ್‌ಗಳೆಲ್ಲ ಹೊಸವೇ ಇರಲಿ, ಹಳೆಯದನ್ನು ನೇರ ಮಾಡಿ ಹಾಕಬೇಡಿ.

ಗ್ರೀಸು ಒಣ ಕೆಲಸದಲ್ಲಿ 50 ಗಂಟೆಗೊಮ್ಮೆ, ಕೆಸರಿನಲ್ಲಿ ದಿನಾ ಸಂಜೆ ತೊಳೆದ ಮೇಲೆ. ಲಿಥಿಯಂ ಇಪಿ-2 ಸಾಕು. ದಿನಾ ಜ್ಯಾಕ್ ಹಾಕುವುದು ಆಗದಿದ್ದರೆ ವಾರಕ್ಕೊಮ್ಮೆಯಾದರೂ ಚಕ್ರ ಎತ್ತಿ ಹೊಡೆಯಿರಿ. ಮೊದಲ 10 ಗಂಟೆ ಓಡಿದ ಮೇಲೆ ಆರ್ಮಿನ ಬೋಲ್ಟು, ಡ್ರ್ಯಾಗ್ ಲಿಂಕಿನ ನಟ್ಟು ಒಮ್ಮೆ ಪಾನಾ ಹಾಕಿ ನೋಡಿಬಿಡಿ. ಹೊಸ ಟೇಪರ್ ಕೂರುತ್ತ ಸ್ವಲ್ಪ ಸಡಿಲವಾಗುತ್ತದೆ.